ಹಗ್ಗ ಬಿಟ್ಟು ಮಾರಿದ ಕಾರು

ನೆನಪು ಎನ್ನುವುದು ನಮ್ಮ ಓಣಿಯ ಹಾಲಿನವನಂತೆ. ನೀರು ಬೆರೆಸುತ್ತಾನೆಂದು ಎಲ್ಲರಿಗೂ ಗೊತ್ತು, ಆದರೂ ಬೆಳಿಗ್ಗೆ ಎದ್ದು ಅವನ ಮುಂದೆಯೇ ಪಾತ್ರೆ ಹಿಡಿಯುತ್ತೇವೆ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು, ಗೋಕಾಕದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತ ಕೂದಲು ಬಿಳಿ ಮಾಡಿಕೊಂಡವನು. ಆದ್ದರಿಂದ ಈ ವಿಷಯದಲ್ಲಿ ನನಗೆ ಸ್ವಲ್ಪ ಹೆಚ್ಚೇ ಎಚ್ಚರ. ದಿನಚರಿ ಬರೆಯುತ್ತೇನೆ. ಬರೆದದ್ದನ್ನು ವರ್ಷ ಕಳೆದು ಓದಿ, ಇದು ಹೀಗೇ ನಡೆಯಿತೇ ಎಂದು ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ನನ್ನ ಹೆಂಡತಿ ಶಾರದಾಳಿಗೆ ಇದು ಒಂದು ಬಗೆಯ ರೋಗವೆಂದು ಅನುಮಾನ. ನಮ್ಮ ಮದುವೆಯ ದಿನದ ಪುಟದ ಅಂಚಿನಲ್ಲೂ ಆ ಚಿಹ್ನೆ ಕಂಡ ಮೇಲೆ ಅವಳು ನನ್ನ ದಿನಚರಿ ಓದುವುದನ್ನು ಬಿಟ್ಟಳು.

ಇಂಥ ನನಗೂ ಒಂದು ನೆನಪು ಮಾತ್ರ ನೀರು ಬೆರೆಯದ್ದು ಎನ್ನಿಸಿತ್ತು. ಆರನೆಯ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ, ಶಾಲೆಯ ಮಹಡಿಯ ಕಿಟಕಿಯಿಂದ, ಕೆಳಗಿನ ರಸ್ತೆಯಲ್ಲಿ ಹಾದುಹೋದ ಒಂದು ಕಾರು. ಮೇಲೆ ಟಪ್ಪಿಲ್ಲ, ಬರೀ ಆಕಾಶ. ಉದ್ದ ಮೂಗು. ಕೂಡಲು ಎರಡೇ ಜಾಗ. ಕೆಂಪು ಬಣ್ಣ. ಆ ಕಾಲದ ಗೋಕಾಕದಲ್ಲಿ ಚಕ್ಕಡಿಗಳಿದ್ದವು, ಬಸ್ಸುಗಳಿದ್ದವು, ಪೆಟ್ಟಿಗೆಗೆ ಗಾಲಿ ಹಚ್ಚಿದಂಥ ಒಂದೆರಡು ಕಾರುಗಳಿದ್ದವು. ಅವುಗಳ ನಡುವೆ ಇದು ಬಂದ ರೀತಿ ಹೇಗಿತ್ತೆಂದರೆ, ಫಲಕದ ಮೇಲೆ ಭಾಗಾಕಾರ ಬರೆಯುತ್ತಿದ್ದ ಮಾಸ್ತರರು ಸುಣ್ಣದ ಕಡ್ಡಿ ಹಿಡಿದುಕೊಂಡೇ ಕಿಟಕಿಗೆ ಬಂದು, ನಮ್ಮ ತಲೆಗಳ ಮೇಲಿಂದ ಬಗ್ಗಿ ನೋಡಿ, ಹುಕ್ಕೇರಿ ಈರಪ್ಪನ ಗಾಡಿ ಎಂದರು. ಆ ಭಾಗಾಕಾರ ಇಂದಿಗೂ ಮುಗಿದಿಲ್ಲ.

ಹುಕ್ಕೇರಿಯ ಈರಪ್ಪ ಬೆಲ್ಲದ ವ್ಯಾಪಾರಿ, ಆಮೇಲೆ ತಿಳಿದಂತೆ ನನ್ನ ತಂದೆಗೂ ಪರಿಚಯದವರು. ನಾನು ಬೆಳೆದಂತೆ ಅವರು ನನಗೆ ಈರಪ್ಪ ಕಾಕಾ ಆದರು. ಹಬ್ಬ, ಮದುವೆ, ತಿಥಿಗಳಲ್ಲಿ ಕಂಡರು, ಆದರೆ ಪ್ರತಿ ಸಲವೂ ಬಸ್ಸಿನಲ್ಲೇ ಬಂದರು. ಕಾರನ್ನು ನಾನು ಮತ್ತೆ ನೋಡಲಿಲ್ಲ. ಹೋದ ವರ್ಷ ಮಳೆಗಾಲ ಮುಗಿಯುವಾಗ ಅವರ ಫೋನು ಬಂತು. ಕಣ್ಣು ಮಂಜಾಗಿದೆ, ಡಾಕ್ಟರು ಗಾಡಿ ಮುಟ್ಟಬೇಡಿ ಎಂದಿದ್ದಾರೆ, ಮಾರಿಬಿಡುವುದು ಎಂದು ತೀರ್ಮಾನಿಸಿದ್ದೇನೆ ಎಂದರು. "ನೀ ಕಲತಾಂವ ಅದಿ ಮಲ್ಲು. ಮಾರೂದೈತಿ ಅಂತ ನಾಕ್ ಸಾಲ ಚಂದಂಗ ಬರದ ಆ ಇಂಟರ್ನೆಟ್ಟಿಗೆ ಹಾಕು. ಹೊಡಿಯಾಕ ಆಗದಾಂವ ಸುಮ್ಮನ ಕಟ್ಟಿ ಹಾಕಬಾರದು ನೋಡು, ಅದಕ್ಕೂ ಜೀವ ಇರತೈತಿ."

ನಾಲ್ಕು ಸಾಲು ಎಂದು ಕೂತವನು ಪೂರ್ತಿ ಎರಡು ಪುಟ ಬರೆದೆ. ಇಟಲಿಯಲ್ಲಿ ಹುಟ್ಟಿ ಘಟಪ್ರಭೆಯ ನೀರು ಕುಡಿದು ಬೆಳೆದ ಕಾರು ಎಂದು ಆರಂಭಿಸಿದೆ. ಕೆಂಪು ಬಣ್ಣ ಎಂಬುದನ್ನು ಮೊದಲನೆಯ ಸಾಲಿನಲ್ಲೇ ಹಾಕಿದೆ. ಬರೆಯುತ್ತ ಬರೆಯುತ್ತ ನನಗೇ ಒಂದು ವಿಷಯ ಹೊಳೆಯಿತು. ಇಷ್ಟು ಚೆಂದದ ಕಾರನ್ನು ಯಾರಾದರೂ ಕೊಂಡುಬಿಟ್ಟರೆ ಗತಿಯೇನು? ಅದನ್ನು ನಾನೇ ಯಾಕೆ ಕೊಳ್ಳಬಾರದು? ಹೀಗೆ ಜಾಹೀರಾತಿನ ಮೊದಲ ಬಲಿ ಅದನ್ನು ಬರೆದವನೇ ಆದ.

ಆದರೂ ಕೊಟ್ಟ ಮಾತಿನಂತೆ ಅದನ್ನು ಇಂಟರ್ನೆಟ್ಟಿಗೆ ಹಾಕಿ, ಮರುವಾರ ಹುಕ್ಕೇರಿಗೆ ಹೋದೆ. ಬೆಲ್ಲದ ಗೋದಾಮಿನ ಒಂದು ಮೂಲೆಯಲ್ಲಿ, ಪೆಂಟೆಗಳ ನಡುವೆ, ಹಸಿರು ತಾಡಪತ್ರಿ ಹೊದ್ದು ಏನೋ ಮಲಗಿತ್ತು. ಕಾಕಾ ಒಂದು ತುದಿ ಹಿಡಿದರು, ಗೌರವ್ವ ಕಾಕಿ ಇನ್ನೊಂದು ತುದಿ ಹಿಡಿದರು, ಮದುವೆಯಲ್ಲಿ ಅಂತರಪಟ ಸರಿಸಿದ ಹಾಗೆ ಸರಿಸಿದರು. ನನ್ನ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ಅದರ ಅರ್ಧ ತಾಡಪತ್ರಿಯ ದೂಳಿನದ್ದು. ಮುಂದೆ ನಿಂತಿದ್ದ ಕಾರು ಕೆಂಪಗಿರಲಿಲ್ಲ. ಆಗಷ್ಟೇ ಕಡೆದ ಮಜ್ಜಿಗೆಯ ಬಣ್ಣದ್ದಾಗಿತ್ತು.

ಬಣ್ಣ ಯಾವಾಗ ಬದಲಿಸಿದಿರಿ ಎಂದು ಕೇಳಿದೆ. ಕಾಕಾ ನನ್ನನ್ನು ನೋಡಿದ ರೀತಿಯಲ್ಲಿ, ಮಂಜಾಗಿರುವುದು ಯಾರ ಕಣ್ಣು ಎಂಬ ಸಂಶಯವಿತ್ತು. ಹುಟ್ಟಿದಾಗಿನಿಂದ ಇದೇ ಬಣ್ಣ ಎಂದರು. ನಾನು ಶಾಲೆ, ಮಹಡಿ, ಕಿಟಕಿ ಎಲ್ಲ ಹೇಳಿದೆ. ಭಾಗಾಕಾರವನ್ನೂ ಬಿಡಲಿಲ್ಲ. ಕಾಕಿ ಸೆರಗಿನಿಂದ ಬಾಗಿಲಿನ ದೂಳು ಒರೆಸುತ್ತಲೇ ಉತ್ತರ ಕೊಟ್ಟರು. "ಒಳಗ ಸೀಟ್ ಕೆಂಪ್ ಅದಾವಲ್ಲೋ. ನೀ ಮ್ಯಾಲಿಂದ ನೋಡಿದಿ, ಟಪ್ ಇರಲಿಲ್ಲ, ಬರೇ ಸೀಟ್ ಕಂಡಾವು." ಅಲ್ಲಿಗೆ ನನ್ನ ಅಪ್ಪಟ ನೆನಪಿನಲ್ಲಿ ಖರೆ ಉಳಿದದ್ದು ಎರಡು ಸೀಟಿನಷ್ಟು ಜಾಗ ಮಾತ್ರ. ಉಳಿದ ಕಾರಿಗೆಲ್ಲ ಇಷ್ಟು ವರ್ಷ ಬಣ್ಣ ಹಚ್ಚಿದವನು ನಾನೇ.

ಆದರೆ ಬೇಸರಪಡಲು ಆ ಕಾರು ಬಿಡಬೇಕಲ್ಲ. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಅದರ ಬದಿಯ ಗೆರೆಯನ್ನು ಯಾರೋ ಒಂದೇ ಉಸಿರಿನಲ್ಲಿ ಎಳೆದಿದ್ದರು, ನಡುವೆ ಎಲ್ಲೂ ಕೈ ಎತ್ತಿರಲಿಲ್ಲ. ಬಾಗಿಲು ನನ್ನ ಮೊಣಕಾಲಿನ ಎತ್ತರಕ್ಕಿಂತ ಸ್ವಲ್ಪ ಹೆಚ್ಚು, ಮುಚ್ಚಿದರೆ ಅಡಕೊತ್ತಿನ ಸದ್ದು. ಸ್ಟೇರಿಂಗ್ ಎಡಕ್ಕೆ, ಅದೂ ಕಟ್ಟಿಗೆಯದು. ಕಾಕಾನ ಅಂಗೈ ಉಜ್ಜಿ ಉಜ್ಜಿ ಅದಕ್ಕೆ ಹಳೆಯ ತೊಟ್ಟಿಲಿನ ಹೊಳಪು ಬಂದಿತ್ತು. ಎದುರಿಗೆ ದುಂಡಗಿನ ಮುಳ್ಳಿನ ತಟ್ಟೆಗಳು, ಅವುಗಳ ಕೆಳಗೆ ಇಟಲಿಯ ಭಾಷೆಯಲ್ಲಿ ಏನೇನೋ ಹೆಸರು. ಅವನ್ನು ಓದಬಲ್ಲವರು ಬೆಳಗಾವಿ ಜಿಲ್ಲೆಯಲ್ಲಿ ಇದ್ದರೋ ಇಲ್ಲವೋ. ಕಾಕಾ ಅನುಭವದಿಂದಲೇ ಕಲಿತಿದ್ದರು. ಇಂಜಿನ್ನು ಕಾದು ಬಲಗಡೆಯ ತಟ್ಟೆಯ ಮುಳ್ಳು ಮೇಲೇರಿತೆಂದರೆ ಒಂದು ಗಿಡದ ನೆರಳು ನೋಡಿ ನಿಲ್ಲಬೇಕು, ಬುತ್ತಿ ಬಿಚ್ಚಬೇಕು, ಉಂಡು ಕೈ ತೊಳೆಯುವಷ್ಟರಲ್ಲಿ ಮುಳ್ಳು ಇಳಿದಿರುತ್ತದೆ. ಇಟಲಿಯವರು ಊಟದ ವೇಳೆ ತಿಳಿಯಲೆಂದೇ ಅದನ್ನು ಇಟ್ಟಿದ್ದಾರೆಂದು ಅವರು ಬಹಳ ಕಾಲ ನಂಬಿದ್ದರಂತೆ, ಮತ್ತು ಆ ಜನರ ಬಗ್ಗೆ ಅವರಿಗೆ ಅದರಿಂದಲೇ ಗೌರವ ಬಂದಿತ್ತಂತೆ. ಮೂಲದ ಬಟ್ಟೆಯ ಟಪ್ಪು ಹರಿದ ಮೇಲೆ ಹುಕ್ಕೇರಿಯಲ್ಲಿ ತಾಡಪತ್ರಿ ಹೊಲಿಯುವವರ ಕೈಯಿಂದ ಹೊಸದು ಹೊಲಿಸಿದ್ದರು. ಮಜ್ಜಿಗೆಯ ಮೈ, ಕೆಂಪು ಒಡಲು, ಹಸಿರು ಟೊಪ್ಪಿಗೆ. ಹೀಗೆ ಬರೆದರೆ ಗಿಣಿಯ ಹಾಗೆ ಕೇಳುತ್ತದೆ, ಆದರೆ ನೋಡಿದವರು ಹಾಗೆ ಹೇಳಲಾರರು.

ಈ ಕಾರು ಹುಕ್ಕೇರಿಗೆ ಬಂದದ್ದಾದರೂ ಹೇಗೆ? ಕಾಕಾ ಹೇಳುವಂತೆ, ಅರಸೊತ್ತಿಗೆ ಹೋದರೂ ಶೋಕಿ ಹೋಗದಿದ್ದ ಒಬ್ಬ ಸರದಾರರಿಗೆ ಇವರ ತಂದೆಯ ಒಂದು ಜೋಡಿ ಖಿಲಾರಿ ಎತ್ತುಗಳ ಮೇಲೆ ಕಣ್ಣು ಬಿತ್ತು. ಎತ್ತು ಕೊಟ್ಟು ಕಾರು ತಂದರು. ಕಾಕಿಯೂ ಇದನ್ನೇ ಹೇಳುತ್ತಾರೆ, ಆದರೆ ಆ ಎತ್ತುಗಳು ತಮ್ಮ ತವರಿನಿಂದ ಬಂದವು, ಆದ್ದರಿಂದ ಕಾರು ಲೆಕ್ಕಕ್ಕೆ ತಮ್ಮದು ಎಂದು ಸೇರಿಸುತ್ತಾರೆ. ಊರಿನವರ ಪ್ರಕಾರ ಎತ್ತು ಒಂದೇ. ಮೂರನ್ನೂ ನಾನು ಬರೆದುಕೊಂಡಿದ್ದೇನೆ. ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ಆ ಮನೆಯಲ್ಲಿ ಕಾರು ಎತ್ತಿನ ಜಾಗದಲ್ಲಿ ಬಂದು ನಿಂತಿತ್ತು, ಮನೆಯವರು ಅದನ್ನು ಹಾಗೆಯೇ ನಡೆಸಿಕೊಂಡು ಬಂದರು. ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಗೆ ಅದರ ಮೈ ತೊಳೆದರು. ಯಾರ ಮದುವೆಯ ಮೆರವಣಿಗೆಗೂ ಕೊಡಲಿಲ್ಲ. ಒಮ್ಮೆ ಮಾತ್ರ, ಅಳಿಯನೊಬ್ಬನ ಹಟಕ್ಕೆ ಕೊಟ್ಟಿದ್ದರಂತೆ. ಬ್ಯಾಂಡಿನ ಹಿಂದೆ ಹೆಜ್ಜೆ ಹೆಜ್ಜೆ ಹೋಗಿ ಕಾರಿಗೆ ಸಿಟ್ಟು ನೆತ್ತಿಗೇರಿ, ಮೂಗಿನಿಂದ ದೊಡ್ಡ ಹಬೆ ಎದ್ದು, ಬಾಸಿಂಗ ಕಟ್ಟಿದ ಮದುಮಗ ಅದರೊಳಗೆ ಕಾಣದಾದ. ಇದು ದುಡ್ಡು ಕೊಟ್ಟು ಮಾಡಿಸಿದ ಏರ್ಪಾಟೆಂದು ಬೀಗರು ಬಹಳ ಮೆಚ್ಚಿಕೊಂಡರಂತೆ.

ನಾನೇ ಕೊಳ್ಳುತ್ತೇನೆ ಎಂದು ಬಾಯಿಬಿಟ್ಟು ಹೇಳಿದೆ. ಕಾಕಾ ಒಂದು ಕ್ಷಣ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನಗಾದರೆ ರೊಕ್ಕದ ಮಾತೇ ಬೇಡ, ಹತ್ತಿ ಕೂತು ಹೊಡೆದು ತೋರಿಸು ಎಂದರು. ಹತ್ತಿದೆ ಎನ್ನುವುದು ಸರಿಯಾದ ಮಾತಲ್ಲ, ಆ ಕಾರಿಗೆ ಇಳಿಯಬೇಕು. ಒಂದು ಕಾಲು ಹಾಕಿದೆ, ಬಗ್ಗಿದೆ, ಎರಡನೆಯದು ಎಳೆದುಕೊಂಡೆ, ಕೂತೆ. ಇಟಲಿಯವರು ಈ ಕಾರು ಮಾಡುವಾಗ ಗೋಕಾಕದ ಕರದಂಟನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಟ್ಟಿಗೆಯ ಸ್ಟೇರಿಂಗು ನನ್ನ ಹೊಟ್ಟೆಯೊಳಗೆ ಅರ್ಧ ಹುಗಿದುಕೊಂಡಿತು. ಬಲಕ್ಕೆ ತಿರುಗಿಸಿದರೆ ಅಂಗಿಯ ಗುಂಡಿಗಳೂ ಬಲಕ್ಕೆ ತಿರುಗಿದವು. ನನ್ನ ಒಂದು ಬೂಟು ಕ್ಲಚ್ಚನ್ನೂ ಬ್ರೇಕನ್ನೂ ಒಟ್ಟಿಗೇ ಒತ್ತುತ್ತಿತ್ತು. ಇಳಿಯೋಣವೆಂದರೆ ಆಗಲಿಲ್ಲ. ಕಾಕಾ ಒಂದು ತೋಳು ಹಿಡಿದರು, ಕಾಕಿ ಇನ್ನೊಂದು. "ನೀ ಗಾಡಿ ಹತ್ತಿಲ್ಲೋ ಮಲ್ಲು," ಎಂದರು ಕಾಕಾ ಎಳೆಯುತ್ತ, "ಉಟ್ಕೊಂಡಿ."

ಸೋಲನ್ನು ನಾನು ಒಪ್ಪಿಕೊಳ್ಳಲಿಲ್ಲ. ಸ್ವಲ್ಪ ಸಮಯ ಕೊಡಿ, ಹೊಟ್ಟೆ ಇಳಿಸಿಕೊಂಡು ಬರುತ್ತೇನೆ ಎಂದೆ. ಕಾಕಾ, ಕಾಯಲು ಅಡ್ಡಿಯಿಲ್ಲ, ಆದರೆ ಅಷ್ಟರಲ್ಲಿ ಖರೆ ಗಿರಾಕಿ ಬಂದರೆ ಇಲ್ಲ ಎನ್ನುವವನಲ್ಲ ಎಂದರು. ಹೀಗೆ ನನ್ನ ಹೊಟ್ಟೆಗೂ ಕಾಣದ ಗಿರಾಕಿಗೂ ಓಟ ಶುರುವಾಯಿತು. ಬೆಳಿಗ್ಗೆ ಎದ್ದು ಕಾಲುವೆಯ ಗುಂಟ ನಡೆಯತೊಡಗಿದೆ. ಹೋಳಿಗೆ ಬಿಟ್ಟೆ. ಕರದಂಟಿನ ಅಂಗಡಿಗಳಿರುವ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ಕಾಲೇಜಿಗೆ ಹೋದೆ. ಶಾರದಾಳಿಗೆ ಕಾರಣ ಹೇಳುವ ಧೈರ್ಯವಿರಲಿಲ್ಲ. ಅವಳು ತಾನಾಗಿಯೇ ಇದು ಸಕ್ಕರೆ ಕಾಯಿಲೆಯ ಹೆದರಿಕೆಯೆಂದು ತಿಳಿದು ಸಂತೋಷಪಟ್ಟು, ನೆರೆಯ ಹೆಂಗಸರ ಮುಂದೆ ನನ್ನನ್ನು ಮಾದರಿ ಗಂಡನೆಂದು ಹೊಗಳುತ್ತಿದ್ದಳು. ಅವರ ಗಂಡಂದಿರು ನನ್ನನ್ನು ದ್ವೇಷಿಸತೊಡಗಿದರು.

ಇತ್ತ ಜಾಹೀರಾತು ನೋಡಿದ ಜನ ಹುಕ್ಕೇರಿಗೆ ಬರತೊಡಗಿದರು. ಕೊಳ್ಳುವವರಲ್ಲ, ಫೋಟೋ ತೆಗೆಸಿಕೊಳ್ಳುವವರು. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ಕಪ್ಪು ಕನ್ನಡಕ ಹಾಕಿಕೊಂಡು ಸಾಲಾಗಿ ಬಂದರು. ಮದುವೆಗೆ ಮುಂಚೆ ಫೋಟೋ ತೆಗೆಸುವ ಜೋಡಿಗಳು ಬಂದು, ಕಾರನ್ನು ಗೋಕಾಕ ಫಾಲ್ಸಿಗೆ ಒಯ್ಯಬಹುದೇ ಎಂದು ಕೇಳಿದವು. ಕಾಕಿ ಎಲ್ಲರಿಗೂ ಚಹಾ ಕೊಟ್ಟು, ಯಾವೂರು, ಯಾರ ಪೈಕಿ ಎಂದು ವಿಚಾರಿಸಿ, ಅರ್ಧದಷ್ಟು ಜನರನ್ನು ಬಳಗಕ್ಕೆ ಸೇರಿಸಿಕೊಂಡರು. ಒಬ್ಬರು ಬಹಳ ಗಂಭೀರವಾಗಿ ನೋಡಿ, ಹಿಂದೆ ಉದ್ದ ಮಾಡಿ ಎಂಟು ಮಂದಿ ಕೂಡುವ ಹಾಗೆ ಮಾಡಿಕೊಡುವಿರಾ ಎಂದು ಕೇಳಿದರಂತೆ. ಇನ್ನೊಬ್ಬರು ಹೋಟೆಲಿನವರು. ಕಾರನ್ನು ಅಡ್ಡಡ್ಡ ಕೊಯ್ದು ಮುಂದಿನ ಅರ್ಧವನ್ನು ಗೋಡೆಗೆ ಹಚ್ಚಿದರೆ ಗಿರಾಕಿಗಳಿಗೆ ಆಕರ್ಷಣೆಯಾಗುತ್ತದೆ ಎಂದರು. ಕಾಕಾ ಎದ್ದು ಹೋಗಿ ಕಾರಿಗೆ ತಾಡಪತ್ರಿ ಹೊದಿಸಿದರು. ಅಂದು ರಾತ್ರಿ ಊಟ ಮಾಡಲಿಲ್ಲ ಎಂದು ಕಾಕಿ ಫೋನಿನಲ್ಲಿ ಹೇಳಿದರು. ನನಗೆ ಕಾಕಾನ ಬಗ್ಗೆ ಮರುಕ, ಗಿರಾಕಿ ಹೋದದ್ದಕ್ಕೆ ಖುಷಿ, ಹಾಗೆ ಖುಷಿಯಾದದ್ದಕ್ಕೆ ನಾಚಿಕೆ. ಮೂರೂ ಒಟ್ಟಿಗೇ ಆದವು.

ಖರೆ ಗಿರಾಕಿ ಬಂದ ದಿನ ನಾನು ಅಲ್ಲೇ ಇದ್ದೆ. ಕಾರಿನ ಹತ್ತಿರ ನಿಂತು, ಗುಟ್ಟಾಗಿ, ಬಾಗಿಲಿಗೂ ನನ್ನ ಹೊಟ್ಟೆಗೂ ಅಳತೆ ಹೊಂದಿಸಿ ನೋಡುತ್ತಿದ್ದೆ. ಹೊರಗೆ ಒಂದು ಜೀಪು ನಿಂತು, ಅದರಿಂದ ನಲವತ್ತು ದಾಟಿದ ಒಬ್ಬ ಹೆಣ್ಣುಮಗಳು ಇಳಿದು ಬಂದರು. ಮಹಾನಂದಾ, ಮೂಡಲಗಿಯಲ್ಲಿ ದನದ ಡಾಕ್ಟರು. ಫೋನು ಹೊರಗೆ ತೆಗೆಯಲಿಲ್ಲ. ಕೆಂಪು ಎಂದು ಹಾಕಿದ್ದಿರಲ್ಲ ಎಂದೂ ಕೇಳಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಅದರ ಮೂಗಿನ ಮೇಲೆ ಅಂಗೈ ಇಟ್ಟರು. ನೆಲಕ್ಕೆ ಮೊಣಕಾಲೂರಿ ಅಡಿಗೆ ನೋಡಿದರು. ಚಾಲೂ ಮಾಡಿ ಎಂದರು. ಕಾಕಾ ಚಾಲೂ ಮಾಡಿದರೆ ಕಣ್ಣು ಮುಚ್ಚಿ ಕೇಳಿದರು. ಮೊದಲು ಎರಡು ಕೆಮ್ಮು, ಆಮೇಲೆ ಆ ಸದ್ದು: ಗಂಟಲು ಸರಿಮಾಡಿಕೊಂಡ ದೊಡ್ಡ ಹಾಡುಗಾರರು ಷಡ್ಜ ಹಿಡಿದ ಹಾಗೆ. ಗೋದಾಮಿನ ತಗಡು ಅದಕ್ಕೆ ತಂಬೂರಿ ಹಿಡಿಯಿತು. ಡಾಕ್ಟರಮ್ಮನ ಮುಖದಲ್ಲಿ ಆಗ ಕಂಡದ್ದನ್ನು ನಾನು ಒಮ್ಮೆ ನೋಡಿ ಬೇರೆ ಕಡೆ ತಿರುಗಿದೆ. ನನ್ನ ಮುಖವೂ ಹಾಗೆಯೇ ಇದ್ದಿರಬೇಕು.

ಕಾಕಾ ಬೆಲೆಯ ಮಾತೆತ್ತಲಿಲ್ಲ. ಒಯ್ದರೆ ಎಲ್ಲಿ ಕಟ್ಟುತ್ತೀರಿ ಎಂದು ಕೇಳಿದರು. "ಮನಿ ಬಾಜೂ ತಗಡಿನ ಶೆಡ್ ಐತ್ರಿ ಕಾಕಾರ. ಮ್ಯಾಲ ಬೇವಿನ ಗಿಡ, ಬಿಸಲ ಬೀಳಂಗಿಲ್ಲ," ಎಂದರು ಡಾಕ್ಟರಮ್ಮ. ದಿನವೂ ಹೊಡೆಯುತ್ತೀರಾ ಎಂದರೆ, ದಿನವೂ ಆಗದು, ರವಿವಾರ ಮಾತ್ರ ಬಿಡುವುದಿಲ್ಲ ಎಂದರು. ಕಾಕಾ ತಲೆಯಾಡಿಸಿ, ಹೂಡಿ ನೋಡಿ ಎಂದರು. ನಮ್ಮ ಕಡೆ ಎತ್ತು ಕೊಳ್ಳುವವರು ಬರೀ ಹಲ್ಲು ನೋಡಿ ಒಯ್ಯುವುದಿಲ್ಲ, ಒಂದು ಸಲ ನೊಗಕ್ಕೆ ಕಟ್ಟಿ ನಡೆಸಿ ನೋಡುತ್ತಾರೆ. ಕಾಕಾನ ಕಣ್ಣಿಗೆ ಗಾಳಿ ದೂಳು ಆಗುತ್ತಿರಲಿಲ್ಲ. ಆದ್ದರಿಂದ ಜೊತೆಗೆ ನನ್ನನ್ನು ಕಳಿಸಿದರು, ಹೇಗೆ ಹೊಡೆಯುತ್ತಾರೆ ನೋಡಿಕೊಂಡು ಬಾ ಎಂದು.

ಪಕ್ಕದ ಸೀಟಿನಲ್ಲಿ ಸ್ಟೇರಿಂಗ್ ಇರಲಿಲ್ಲವಾದ್ದರಿಂದ ನಾನು ಅಲ್ಲಿ ಸುಖವಾಗಿ ಹಿಡಿಸಿದೆ. ಹುಕ್ಕೇರಿ ದಾಟಿ ಹಿಡಕಲ್ ಡ್ಯಾಮಿನ ಕಡೆಗೆ ಹೊರಟೆವು. ಟಪ್ಪಿಲ್ಲದ ಕಾರಿನಲ್ಲಿ ಕೂತ ಮೇಲೆ ತಿಳಿದದ್ದೆಂದರೆ, ನಾವು ಉಳಿದ ಕಾರುಗಳಲ್ಲಿ ಪ್ರಯಾಣ ಮಾಡುವುದೇ ಇಲ್ಲ, ನಮ್ಮನ್ನು ಪೊಟ್ಟಣ ಕಟ್ಟಿ ಕಳಿಸುತ್ತಾರೆ ಅಷ್ಟೆ. ಇಲ್ಲಿ ಗಾಣದ ಬೆಲ್ಲದ ವಾಸನೆ ನೇರ ಮಡಿಲಿಗೆ ಬಂದು ಬೀಳುತ್ತಿತ್ತು. ಒದ್ದೆ ಮಣ್ಣು, ಎಮ್ಮೆ, ಸೌದೆಯ ಹೊಗೆ, ಜಲಾಶಯದ ಮೇಲಿಂದ ಬಂದ ಮೀನಿನ ಗಾಳಿ, ಒಂದಾದ ಮೇಲೆ ಒಂದು ಬಂದು ಮಾತಾಡಿಸಿ ಹೋದವು. ಜನರೂ ಹಾಗೆಯೇ. ಒಂದು ಕ್ರಾಸಿನಲ್ಲಿ ನಿಧಾನಿಸಿದಾಗ ಒಬ್ಬ ಮುದುಕಿ ಯಾವ ಪೀಠಿಕೆಯೂ ಇಲ್ಲದೆ ಮೆಂತ್ಯದ ಸೊಪ್ಪಿನ ಕಟ್ಟನ್ನು ನನ್ನ ತೊಡೆಯ ಮೇಲಿಟ್ಟು, ಮುಂದಿನ ಊರಿನ ಸ್ಟ್ಯಾಂಡಿನಲ್ಲಿ ಮಗಳು ನಿಂತಿದ್ದಾಳೆ, ಕೊಟ್ಟು ಹೋಗಿ ಎಂದಳು. ಮೇಲೆ ಏನೂ ಇಲ್ಲದ ಗಾಡಿ ಎಂದರೆ ಟ್ರೇಲರು, ಟ್ರೇಲರಿನಲ್ಲಿ ಎಲ್ಲರಿಗೂ ಹಕ್ಕಿದೆ. ಕೊಟ್ಟೆವು. ಮಗಳು ಸೊಪ್ಪು ಎಣಿಸಿಕೊಂಡಳು.

ಕಷ್ಟ ಬಂದದ್ದು ಕಬ್ಬಿನ ಟ್ರ್ಯಾಕ್ಟರುಗಳಿಂದ. ಎರಡೆರಡು ಟ್ರೇಲರು ಕಟ್ಟಿಕೊಂಡು, ರಸ್ತೆಯ ತುಂಬ ಹರಡಿ, ಸಣ್ಣ ಗುಡ್ಡಗಳು ಎದ್ದು ನಡೆದಂತೆ ಹೋಗುತ್ತಿದ್ದವು. ಸ್ಟೇರಿಂಗ್ ಎಡಕ್ಕಿದ್ದರಿಂದ ಡಾಕ್ಟರಮ್ಮನಿಗೆ ಎದುರಿನ ರಸ್ತೆ ಕಾಣುವುದಿಲ್ಲ. ಬಲಕ್ಕೆ ಕೂತ ನಾನು ಬಗ್ಗಿ ನೋಡಿ ಹೇಳಬೇಕು. ಏನಾದರೂ ಬರುತ್ತಿದೆಯೇ ಎಂದು ಕೇಳಿದರು. ನಾನು ಕತ್ತು ಚಾಚಿ ನೋಡಿದೆ. ದೂರದಲ್ಲಿ ಏನೋ ಇದ್ದಂತಿತ್ತು. ಅದು ಈ ಕಡೆ ಬರುತ್ತಿದೆಯೋ ಆ ಕಡೆ ಹೋಗುತ್ತಿದೆಯೋ, ಅಥವಾ ನಿಂತೇ ಇದೆಯೋ, ಖಾತ್ರಿಯಾಗಿ ಹೇಳುವುದು ಕಷ್ಟ, ಬಿಸಿಲಿನ ಝಳದಲ್ಲಿ ಇಲ್ಲದ್ದೂ ಕಾಣುವುದುಂಟು ಎಂದು ನನ್ನ ಅಭಿಪ್ರಾಯವನ್ನು ಎಲ್ಲ ಬದಿಯಿಂದ ತಿಳಿಸಿದೆ. ಅಷ್ಟರಲ್ಲಿ ಲಾರಿ ಬಂದು ಹೋಗಿತ್ತು. "ಸರ್ರ," ಎಂದರು ಡಾಕ್ಟರಮ್ಮ ಬಹಳ ಮರ್ಯಾದೆಯಿಂದ, "ಇತಿಹಾಸ ಮನಿಗಿ ಹೋಗಿ ಬರೀರಿ. ಈಗ ಐತೋ ಇಲ್ಲೋ, ಅಷ್ಟ ಹೇಳ್ರಿ." ಮುಂದಿನ ಟ್ರ್ಯಾಕ್ಟರಿಗೆ ನಾನು ಜೀವನದಲ್ಲಿ ಮೊದಲ ಬಾರಿಗೆ, ಯಾವ ಅಡಿಟಿಪ್ಪಣಿಯೂ ಇಲ್ಲದೆ, ಇಲ್ಲ ಎಂದೆ. ಅವರು ಗಿಯರು ಇಳಿಸಿದರು. ಕಾರು ಒಂದು ಸಲ ಮೈ ಕುಗ್ಗಿಸಿ ಹಾರಿತು. ಕಬ್ಬಿನ ಗರಿ ನನ್ನ ಕಿವಿಯನ್ನು ಸವರಿ ಹೋಯಿತು. ಟ್ರ್ಯಾಕ್ಟರಿನ ಹಾಡು, ಅದರ ಡ್ರೈವರನ ತೆರೆದ ಬಾಯಿ, ಎಲ್ಲ ಹಿಂದೆ ಉಳಿದವು. ನಾನು ಜೋರಾಗಿ ನಕ್ಕೆ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ನನಗೆ ನೆನಪಿಲ್ಲ.

ಘಟಪ್ರಭಾ ಪೇಟೆಯಲ್ಲಿ ಏನೋ ಸಣ್ಣ ಕೆಲಸವಿದೆ ಎಂದು ಅವರು ಕಾರು ನಿಲ್ಲಿಸಿ ಇಳಿದು ಹೋದರು. ನಾನು ಪಥ್ಯ ಮರೆತು ಎರಡು ಗ್ಲಾಸು ಕಬ್ಬಿನ ಹಾಲು ಕುಡಿದು, ಸುತ್ತ ನೆರೆದವರಿಗೆ ಕಾರಿನ ಇತಿಹಾಸವನ್ನು ಮೂರೂ ಪಾಠಾಂತರಗಳ ಸಮೇತ ಹೇಳಿದೆ. ಜನ ಒಂಟಿ ಎತ್ತಿನ ಪಾಠವನ್ನೇ ಮೆಚ್ಚಿದರು.

ತಿರುಗಿ ಬಂದಾಗ ಕಾಕಾ ಗೋದಾಮಿನ ಕಟ್ಟೆಯ ಮೇಲೆ ಕೂತಿದ್ದರು. ಡಾಕ್ಟರಮ್ಮ ಒಳಗೆ ಕಾಕಿಯ ಹತ್ತಿರ ಹೋದ ಮೇಲೆ ನನ್ನನ್ನು ಕರೆದು, ಹೇಗೆ ಹೊಡೆದಳು ಎಂದು ಕೇಳಿದರು. ಆ ಕ್ಷಣದಲ್ಲಿ ನನ್ನ ಮುಂದೆ ಒಂದು ಸಣ್ಣ ಸುಳ್ಳು ಸಿದ್ಧವಾಗಿ ನಿಂತಿತ್ತು. ಗಿಯರು ಕಿರ್ ಎಂದಿತು ಎಂದರೆ ಸಾಕು, ಕಾಕಾ ಇನ್ನೊಂದು ತಿಂಗಳು ಕಾಯುತ್ತಿದ್ದರು. ನನ್ನ ಪ್ಯಾಂಟು ಆಗಲೇ ಸ್ವಲ್ಪ ಸಡಿಲಾಗಿತ್ತು ಕೂಡ. ಆದರೆ ಆ ಕಾರಿನ ಬಗ್ಗೆ ಅಂಥ ಮಾತಾಡಲು ನಾಲಿಗೆ ಏಳಲಿಲ್ಲ. ಗಿಯರು ಯಾವಾಗ ಬದಲಿಸಿದರೆಂಬುದೇ ತಿಳಿಯಲಿಲ್ಲ ಕಾಕಾ ಎಂದೆ. ಕಾಕಾ ಕೇಳಿದರು. "ಮತ್ತ ನೀ?"

ಕೆಳಗೆ ನೋಡಿದೆ. ನೋಡುವ ದಾರಿಯಲ್ಲಿ ಹೊಟ್ಟೆ ಇನ್ನೂ ಇತ್ತು. ಕೊಟ್ಟುಬಿಡಿ ಎಂದೆ.

ಕಾಗದಪತ್ರದ ಕೆಲಸ ಮುಗಿದು ಕಾರು ಹೊರಡುವುದು ಸೋಮವಾರವೇ ಆಗಬೇಕೆಂದು ಕಾಕಿ ಹಟ ಹಿಡಿದರು. ಕಾಲೇಜಿಗೆ ರಜೆ ಹಾಕಿ ಹೋದೆ. ನಾಲ್ಕೂ ಗಾಲಿಗೆ ನೀರು ಹಾಕಿದ್ದರು. ಮೂಗಿನ ಮೇಲೆ ವಿಭೂತಿ ಎಳೆದು, ಒಂದು ಹೋಳಿಗೆ ಇಟ್ಟಿದ್ದರು. ಡಾಕ್ಟರಮ್ಮ ಒಳಗೆ ಕೂತರು. ಮೂಡಲಗಿಯ ದಾರಿಯಲ್ಲಿ ಗೋಕಾಕಕ್ಕೆ ಬಿಡುವೆನೆಂದು ನನ್ನನ್ನೂ ಕೂರಿಸಿಕೊಂಡರು. ಇನ್ನು ಕೀಲಿ ಕೊಡಬೇಕು. ಕಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದರು. ಮರೆತಿರಬೇಕೆಂದು ನಾನು ನೆನಪಿಸಿದೆ. ಕಾಕಿ ನನ್ನ ಕಡೆ ನೋಡಿದರು. "ಎತ್ತ ಮಾರಿದ್ರ ಯಾರರೆ ಹಗ್ಗ ಕೊಡತಾರೇನೋ? ಹಗ್ಗ ಹೋದ್ರ ಕೊಟ್ಟಿಗಿ ಬರಿದ ಆಗತೈತಿ."

ಈ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಮಾರಿದ ಎತ್ತು ಹೋಗಬಹುದು, ಅದನ್ನು ಕಟ್ಟಿದ ಹಗ್ಗ ಮನೆಯಲ್ಲೇ ಉಳಿಯಬೇಕು, ಆಗಲೇ ಮತ್ತೆ ಮನೆಗೆ ದನ ಬರುತ್ತದೆ. ಈ ಬಗ್ಗೆ ಒಂದು ವಿಚಾರಗೋಷ್ಠಿಯಲ್ಲಿ ಪ್ರಬಂಧವನ್ನೇ ಓದಿದ್ದೇನೆ. ಆದರೂ ಕಾರಿನಲ್ಲೇ ಎದ್ದು ನಿಂತು ಕಾಕಿಗೆ ಉಪನ್ಯಾಸ ಕೊಟ್ಟೆ. ಇದು ಯಂತ್ರ, ಎತ್ತಲ್ಲ. ಹಗ್ಗವಿಲ್ಲದೆ ಎತ್ತು ನಡೆದೀತು, ಕೀಲಿಯಿಲ್ಲದೆ ಇದು ಒಂದು ಹೆಜ್ಜೆ ಇಡದು. ಕಾಕಾ ಆಕಾಶ ನೋಡುತ್ತಿದ್ದರು. ಎತ್ತು ಕಾಕಿಯ ತವರಿನದಾದ್ದರಿಂದ ಅವರಿಗೆ ಇಲ್ಲಿ ಮಾತಿರಲಿಲ್ಲ. ನನ್ನ ಉಪನ್ಯಾಸ ಉಪಸಂಹಾರಕ್ಕೆ ಬರುವ ಹೊತ್ತಿಗೆ ಕೆಳಗಿನಿಂದ ಷಡ್ಜ ಕೇಳಿತು. ಕಾರು ಚಾಲೂ ಆಗಿತ್ತು. ಡಾಕ್ಟರಮ್ಮ ಕೈಚೀಲದಿಂದ ಹೊಚ್ಚ ಹೊಸ ಕೀಲಿ ತೆಗೆದು ಹಾಕಿದ್ದರು, ಅದಕ್ಕೆ ಬಣ್ಣದ ದಾರ ಕಟ್ಟಿತ್ತು. ಘಟಪ್ರಭೆಯಲ್ಲಿ ನಾನು ಕಬ್ಬಿನ ಹಾಲು ಕುಡಿಯುತ್ತಿದ್ದಾಗ ಮಾಡಿಸಿದ್ದು. ತಮ್ಮಪ್ಪ ಮೂಡಲಗಿ ಸಂತೆಯಲ್ಲಿ ಎತ್ತಿನ ದಲ್ಲಾಳಿಯಾಗಿದ್ದ ಎಂದು ಅವರು ಕಾಕಿಗೆ ಹೇಳಿದರು. "ಎಲ್ಲಿ ಕಟ್ಟತೀರಿ ಅಂತ ಕಾಕಾರು ಕೇಳಿದಾಗನ ತಿಳೀತ್ರೀ ಯವ್ವಾ, ಹಗ್ಗ ನಾನ ತರಬೇಕು ಅಂತ."

ಕಾಕಿ ಹತ್ತಿರ ಬಂದು ಅವರ ಕೆನ್ನೆ ಸವರಿ ನಟಿಕೆ ಮುರಿದರು. ನನ್ನ ಕೆನ್ನೆಯ ಕಡೆಗೆ ಯಾರೂ ಬರಲಿಲ್ಲ. ಕಾರು ಹೊರಟಿತು. ತಿರುಗಿ ನೋಡಿದೆ. ಕಾಕಾ ನಮ್ಮನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ತಲೆ ಒಂದು ಬದಿಗೆ ವಾಲಿಸಿ, ಒಂದನೆಯ ಗಿಯರು, ಎರಡನೆಯದು, ತಿರುವಿನಲ್ಲಿ ಮೂರನೆಯದು, ಎಲ್ಲವನ್ನೂ ಕೇಳುತ್ತ ನಿಂತಿದ್ದರು.

ಗೋಕಾಕದ ನಮ್ಮ ಓಣಿಯೊಳಗೆ ಆ ಸದ್ದು ಬಂದಾಗ ಮನೆ ಮನೆಯ ಬಾಗಿಲು ತೆರೆಯಿತು. ಡಾಕ್ಟರಮ್ಮ ನನ್ನನ್ನು ಇಳಿಸಿ, ಶಾರದಾಳಿಗೆ ನಮಸ್ಕಾರ ಹೇಳಿ, ಮೂಡಲಗಿಯ ಕಡೆ ಹೋದರು. ಶಾರದಾ ನನ್ನ ಬಾಯಿಂದ ಎಲ್ಲ ಕೇಳಿಕೊಂಡು, ಹಾಗಾದರೆ ಆ ನಡಿಗೆಯೆಲ್ಲ ಈ ಕಾರಿಗಾಗಿ ಎಂದು ಖಚಿತಪಡಿಸಿಕೊಂಡು, ಅಂದಿನಿಂದ ಹೋಳಿಗೆ ಮಾಡುವುದನ್ನು ಮತ್ತೆ ಆರಂಭಿಸಿದಳು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಮಾತ್ರ ಆಗಲೇ ಬಂದು ನನ್ನ ಕೈ ಕುಲುಕಿದ್ದರು, ಅಂತೂ ಕಾರು ತೆಗೆದುಕೊಂಡಿರಲ್ಲ ಎಂದು. ನನ್ನದಲ್ಲ ಎಂದೆ. "ಕಣ್ಣಾರೆ ನೋಡೇನಲ್ರಿ, ಬಲಕ್ಕ ನೀವ ಕುಂತ ಹೊಡಕೋತ ಬಂದ್ರಿ." ಸ್ಟೇರಿಂಗ್ ಎಡಕ್ಕಿದೆ ಎಂದು ವಿವರಿಸಿದೆ. ಅವರು ಗುಟ್ಟು ತಿಳಿದವರ ಹಾಗೆ ನಕ್ಕರು. "ಮಂದಿ ಕಣ್ಣ ಬೀಳತೈತಿ ಅಂತ ಮುಚ್ಚಿಡತೀರಿ. ಇರಲಿ ಬಿಡ್ರಿ, ಒಳ್ಳೇದ."

ಮರುದಿನ ಸ್ಟಾಫ್ ರೂಮಿನಲ್ಲಿ ಅದೇ ಮಾತು, ಕಟಿಂಗ್ ಅಂಗಡಿಯಲ್ಲಿ ಅದೇ ಮಾತು. ಕಾರನ್ನು ನಾನು ಎಂಥ ನಾಜೂಕಿನಿಂದ ಓಣಿಯೊಳಗೆ ತಿರುಗಿಸಿದೆ ಎಂಬುದನ್ನು ಔಷಧ ಅಂಗಡಿಯವರು ಕೈಯಲ್ಲಿ ಮಾಡಿ ತೋರಿಸಿದರು. ಮೊದಮೊದಲು ನಾನು ಎಡ, ಬಲ, ಇಟಲಿ, ಎಲ್ಲ ಬಿಡಿಸಿ ಹೇಳಿ ನಿರಾಕರಿಸುತ್ತಿದ್ದೆ. ಆಮೇಲೆ ಬರೀ ಇಲ್ಲ ಎನ್ನುತ್ತಿದ್ದೆ. ಈಗ ಮುಗುಳ್ನಗುತ್ತೇನೆ. ಇತ್ತೀಚೆಗಂತೂ ನಸುಕಿನಲ್ಲಿ ಎಚ್ಚರವಾದಾಗ ಕಟ್ಟಿಗೆಯ ಆ ಸ್ಟೇರಿಂಗು ಅಂಗೈಗೆ ಬಿಸಿಯಾಗಿ ತಾಕಿದ್ದು ಸ್ಪಷ್ಟವಾಗಿ ನೆನಪಾಗುತ್ತದೆ. ಡ್ಯಾಮಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನಾನು ಗಿಯರು ಇಳಿಸುತ್ತೇನೆ. ಪಕ್ಕದಲ್ಲಿ ಡಾಕ್ಟರಮ್ಮ ಬಗ್ಗಿ ನೋಡಿ, ಲಾರಿ ಏನೂ ಇಲ್ಲ, ಹೋಗ್ರಿ ಸರ್ರ ಎನ್ನುತ್ತಾರೆ. ಇದಕ್ಕೆ ನಮ್ಮ ಇಡೀ ಓಣಿ ಸಾಕ್ಷಿಯಿದೆ. ಇಲ್ಲ ಎನ್ನುವವನು ನಾನೊಬ್ಬನೇ, ಮತ್ತು ನನ್ನ ಮಾತನ್ನು ನಾನು ಯಾವತ್ತು ಪೂರ್ತಿ ನಂಬಿದ್ದೇನೆ?